ತಂಗಿಯ ರಿಸಲ್ಟ್ ನಿಂತಿದೆ, ಯಾರ ಬಾಗಿಲು ತಟ್ಟಬೇಕು?

ಅವರ್ಸಾ ಅಣ್ಣ

ಎಲ್ಲರಿಗೂ ನಮಸ್ಕಾರ. ನನ್ನ ತಂಗಿ ನಮ್ಮ ಕರಾವಳಿಯ ಒಂದು ಅನುದಾನಿತ ಕಾಲೇಜಿನಲ್ಲಿ ಬಿಎಸ್‌ಸಿ ಕೊನೆಯ ಸೆಮಿಸ್ಟರ್ ಬರೆದಿದ್ದಾಳೆ. ರಿಸಲ್ಟ್ ಬಂತು. ಎಲ್ಲ ವಿಷಯದಲ್ಲೂ ಒಳ್ಳೆ ಅಂಕ ಇದೆ. ಒಂದು ಪೇಪರಿನಲ್ಲಿ ಮಾತ್ರ ಇಂಟರ್ನಲ್ ಅಂಕದ ಜಾಗ ಖಾಲಿ. ಅಷ್ಟಕ್ಕೇ ಪೂರ್ತಿ ರಿಸಲ್ಟ್ ತಡೆಹಿಡಿದಿದ್ದಾರೆ. ಅವಳು ಎರಡೂ ಟೆಸ್ಟ್ ಬರೆದಿದ್ದಾಳೆ, ಅಸೈನ್‌ಮೆಂಟ್ ಕೊಟ್ಟಿದ್ದಾಳೆ. ಎಂಎಸ್‌ಸಿಗೆ ಅರ್ಜಿ ಹಾಕಲು ಇನ್ನು ಹನ್ನೊಂದೇ ದಿನ ಇದೆ.

ಕಾಲೇಜಿನಲ್ಲಿ ಕೇಳಿದರೆ "ನಮ್ಮ ಕೈಯಲ್ಲಿ ಎಂತದೂ ಇಲ್ಲ, ಎಲ್ಲ ಧಾರವಾಡದ್ದು" ಅಂದರು. ಸರಿ ಅಂತ ಮೊನ್ನೆ ನಸುಕಿನಲ್ಲೇ ಬಸ್ಸು ಹತ್ತಿದೆವು. ಅರಬೈಲ್ ಘಟ್ಟದಲ್ಲಿ ಮಳೆ, ಮಂಜು. ತಂಗಿ ಫೈಲನ್ನು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡು ಒಂದು ಮಾತೂ ಆಡದೆ ಕೂತಿದ್ದಳು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದಲ್ಲಿ ಒಬ್ಬರು ಕಂಪ್ಯೂಟರ್ ನೋಡಿ ಸಮಾಧಾನದಿಂದಲೇ ಹೇಳಿದರು: "ಈ ಅಂಕ ನಿಮ್ಮ ಕಾಲೇಜಿನಿಂದ ಬರಬೇಕಮ್ಮ. ಪ್ರಾಂಶುಪಾಲರ ಪತ್ರ ಇಲ್ಲದೆ ನಾವು ಮುಟ್ಟುವ ಹಾಗಿಲ್ಲ." ನಿನ್ನೆ ಮತ್ತೆ ಕಾಲೇಜಿಗೆ ಹೋದರೆ ಮತ್ತೆ ಅದೇ ಮಾತು, ಧಾರವಾಡ.

ನನಗೆ ತಿಳಿಯದೆ ಕೇಳುತ್ತಿದ್ದೇನೆ. ಕಾಲೇಜು ಅಂದರೆ ಯಾರು? ಪ್ರಾಂಶುಪಾಲರೋ, ಆಡಳಿತ ಮಂಡಳಿಯೋ, ಸಂಬಳ ಕೊಡುವ ಸರ್ಕಾರವೋ, ಡಿಗ್ರಿ ಕೊಡುವ ವಿಶ್ವವಿದ್ಯಾಲಯವೋ? ಯಾವ ಕೆಲಸ ಯಾರದ್ದು ಅಂತ ಗೊತ್ತಿದ್ದವರು ದಯವಿಟ್ಟು ಬಿಡಿಸಿ ಹೇಳಿ. ನಮ್ಮ ಮನೆಯಲ್ಲಿ ಡಿಗ್ರಿ ಓದಿದವಳು ಅವಳೊಬ್ಬಳೇ.

ಗಂಗಾವಳಿ ದಂಡೆ

ಧೈರ್ಯ ಇರಲಿ. ನಮ್ಮ ಮಗನಿಗೂ ಹೀಗೇ ಆಗಿತ್ತು, ಆಮೇಲೆ ಸರಿಯಾಯ್ತು. ಆದರೆ ಯಾರು ಸರಿ ಮಾಡಿದರು ಅಂತ ಇವತ್ತಿಗೂ ನಮಗೆ ಗೊತ್ತಿಲ್ಲ. ಗೊತ್ತಿದ್ದವರು ಇಲ್ಲಿ ಬರೆದರೆ ನಮಗೂ ಉಪಕಾರ.

ಕುಮಟಾ ನಿವೃತ್ತ ಗುಮಾಸ್ತ

ತಮ್ಮಾ, ಮೊದಲು ಒಂದು ವಿಷಯ ವಿಚಾರಿಸು. ಖಾಲಿ ಬಂದಿರುವುದು ನಿನ್ನ ತಂಗಿಗೆ ಮಾತ್ರವೋ, ಆ ಪೇಪರ್ ತಗೊಂಡ ಎಲ್ಲರಿಗೂವೋ? ಇದೊಂದು ಗೊತ್ತಾದರೆ ಅರ್ಧ ಕೆಲಸ ಆದ ಹಾಗೆ. ಅವಳೊಬ್ಬಳಿಗೇ ಆಗಿದ್ದರೆ ನೋಂದಣಿ ಸಂಖ್ಯೆ ತಪ್ಪಿರಬಹುದು, ಹೆಸರು ಬೇರೆ ಬ್ಯಾಚಿಗೆ ಸೇರಿರಬಹುದು, ಹತ್ತು ಕಾರಣ ಇರುತ್ತವೆ. ಇಡೀ ತರಗತಿಗೆ ಆಗಿದ್ದರೆ ಕಾರಣ ಒಂದೇ: ಅಂಕ ಕಾಲೇಜಿನಿಂದ ಹೊರಟೇ ಇಲ್ಲ.

ನಾನು ಮೂವತ್ತು ವರ್ಷ ಒಂದು ಅನುದಾನಿತ ಕಾಲೇಜಿನ ಆಫೀಸಿನಲ್ಲಿದ್ದೆ. ಇಂಟರ್ನಲ್ ಅಂಕ ಕೊಡುವುದು ಕಾಲೇಜು. ಪರೀಕ್ಷೆ ಮಾಡಿ ಉತ್ತರ ಪತ್ರಿಕೆ ತಿದ್ದಿಸುವುದು ವಿಶ್ವವಿದ್ಯಾಲಯ. ಎರಡೂ ಕೂಡಿದ ಮೇಲೆಯೇ ರಿಸಲ್ಟ್. ಹಿಂದೆ ಇಂಟರ್ನಲ್ ಅಂಕದ ಪಟ್ಟಿಯನ್ನು ಕೈಯಲ್ಲಿ ಬರೆಯುತ್ತಿದ್ದೆವು, ಮೂರು ಪ್ರತಿ, ನಡುವೆ ಕಾರ್ಬನ್ ಕಾಗದ. ಮಾಸ್ತರು ಸಹಿ ಮಾಡಬೇಕು, ವಿಭಾಗದ ಮುಖ್ಯಸ್ಥರು ಸಹಿ ಮಾಡಬೇಕು, ಕೊನೆಗೆ ಪ್ರಾಂಶುಪಾಲರ ಸಹಿ. ಲಕೋಟೆಯ ಬಾಯಿಗೆ ಅರಗು ಕರಗಿಸಿ ಮುದ್ರೆ ಒತ್ತುತ್ತಿದ್ದೆವು. ಮಳೆಗಾಲದಲ್ಲಿ ಅರಗು ಬೇಗ ಒಣಗದು, ಮೇಣಬತ್ತಿ ಹಿಡಿದು ಕಾಯಬೇಕು. ನಮ್ಮ ಪ್ಯೂನ್ ಅದನ್ನು ಅಂಗಿಯ ಒಳಗೆ ಇಟ್ಟುಕೊಂಡು ರಾತ್ರಿ ಬಸ್ಸಿಗೆ ಹೋಗಿ ಬೆಳಿಗ್ಗೆ ಕೊಟ್ಟು ರಸೀದಿ ತರುತ್ತಿದ್ದರು. ಆ ರಸೀದಿ ಬರುವ ತನಕ ನನಗೆ ನಿದ್ದೆ ಇಲ್ಲ.

ಈಗ ಯುಯುಸಿಎಂಎಸ್ ಅನ್ನೋ ಜಾಲತಾಣ. ರಾಜ್ಯದ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಒಂದೇ ವ್ಯವಸ್ಥೆ. 2021ರ ನಂತರ ಪ್ರವೇಶ, ಪರೀಕ್ಷಾ ಅರ್ಜಿ, ಅಂಕ ಎಲ್ಲ ಅದರಲ್ಲೇ. ಅರಗು ಹೋಯ್ತು, ಪ್ಯೂನ್ ಹೋಗುವುದು ತಪ್ಪಿತು. ಆದರೆ ಸಹಿಗಳು ಹೋಗಿಲ್ಲ, ನೋಡು. ಪಾಠ ಮಾಡಿದವರು ತಮ್ಮ ಲಾಗಿನ್‌ನಲ್ಲಿ ತುಂಬಬೇಕು, ಮೇಲಿನವರು ತಮ್ಮ ಲಾಗಿನ್‌ನಲ್ಲಿ ಒಪ್ಪಬೇಕು. ಒಂದು ಕಡೆ ನಿಂತರೆ ಮುಂದಿನವರಿಗೆ ಕಾಣುವುದೇ ಇಲ್ಲ.

ಅವರ್ಸಾ ಅಣ್ಣ

ಮಾವ, ನಿಮ್ಮ ಮಾತು ಕೇಳಿ ತಂಗಿ ಸಂಜೆಯಿಂದ ಒಬ್ಬೊಬ್ಬರಿಗೇ ಫೋನ್ ಮಾಡಿದಳು. ಆ ಪೇಪರ್ ತಗೊಂಡವರು ಹತ್ತೊಂಬತ್ತು ಮಂದಿ. ಹದಿನೇಳು ಮಂದಿ ಸಿಕ್ಕರು. ಹದಿನೇಳೂ ಜನರದ್ದು ಖಾಲಿ! ಒಬ್ಬೊಬ್ಬರೂ ತಮಗೆ ಮಾತ್ರ ಹೀಗಾಗಿದೆ ಅಂತ ಸುಮ್ನೆ ಇದ್ದರು. ಇಬ್ಬರು ಹುಡುಗಿಯರು ಮನೆಯಲ್ಲೂ ಹೇಳಿರಲಿಲ್ಲ. ಫೇಲಾಗಿದ್ದೇವೆ ಅಂದುಕೊಂಡು ಅಳುತ್ತಿದ್ದರಂತೆ.

ಕುಮಟಾ ನಿವೃತ್ತ ಗುಮಾಸ್ತ

ಹಾಗಾದರೆ ಧಾರವಾಡದ ಬಸ್ಸು ಹತ್ತಬೇಡ. ಗಂಟು ಇರುವುದು ಕಾಲೇಜಿನಲ್ಲೇ. ಆ ಪೇಪರ್ ಪಾಠ ಮಾಡಿದವರು ಯಾರು, ಈಗ ಎಲ್ಲಿದ್ದಾರೆ, ಕೇಳು.

ಶಿರಸಿ ಅಕ್ಕೋರು

ನಾನೂ ಅದನ್ನೇ ಕೇಳಬೇಕು ಅಂತಿದ್ದೆ. ನಾನು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಅದಕ್ಕೂ ಮುಂಚೆ ಒಂದು ಅನುದಾನಿತ ಕಾಲೇಜಿನಲ್ಲಿ ಆಡಳಿತ ಮಂಡಳಿ ಕೊಡುವ ಸಂಬಳಕ್ಕೆ ಪಾಠ ಮಾಡುತ್ತಿದ್ದೆ. ಎರಡೂ ಕಡೆಯ ನೀರು ಕುಡಿದಿದ್ದೇನೆ.

ಅಣ್ಣ, ನೀವು ಕೇಳಿದ್ದು ಕಾಲೇಜು ಅಂದರೆ ಯಾರು ಅಂತ. ಸರ್ಕಾರಿ ಕಾಲೇಜಾದರೆ ಕಟ್ಟಡ, ಕಾಯಂ ನೌಕರರು, ಸಂಬಳ ಎಲ್ಲ ಕಾಲೇಜು ಶಿಕ್ಷಣ ಇಲಾಖೆಯದ್ದು. ಬೆಂಗಳೂರಿನಲ್ಲಿ ಆಯುಕ್ತರು, ಅವರ ಕೆಳಗೆ ವಿಭಾಗಕ್ಕೊಬ್ಬರು ಜಂಟಿ ನಿರ್ದೇಶಕರು, ಆಮೇಲೆ ಪ್ರಾಂಶುಪಾಲರು. ಊರಿನ ಕಡೆಯಿಂದ ಕಾಲೇಜು ಅಭಿವೃದ್ಧಿ ಸಮಿತಿ, ಅದಕ್ಕೆ ಶಾಸಕರೇ ಅಧ್ಯಕ್ಷರು. ಪಠ್ಯ, ಪರೀಕ್ಷೆ, ಡಿಗ್ರಿ ಮಾತ್ರ ವಿಶ್ವವಿದ್ಯಾಲಯದ್ದು. ಹೀಗಾಗಿ ಪ್ರಾಂಶುಪಾಲರಿಗೆ ಇಬ್ಬರು ಯಜಮಾನರು. ಕೊಠಡಿ ಸೋರಿದರೆ ಇಲಾಖೆಗೆ ಬರೀಬೇಕು. ಪ್ರಶ್ನೆಪತ್ರಿಕೆ ತಪ್ಪಿ ಬಂದರೆ ವಿಶ್ವವಿದ್ಯಾಲಯಕ್ಕೆ ಬರೀಬೇಕು.

ಅನುದಾನಿತ ಕಾಲೇಜಿಗೆ ಮೂವರು. ಕಟ್ಟಿದ್ದು ಒಂದು ಸಂಸ್ಥೆ, ಕಾಯಂ ಮಾಸ್ತರರ ಸಂಬಳ ಸರ್ಕಾರದ್ದು, ಡಿಗ್ರಿ ವಿಶ್ವವಿದ್ಯಾಲಯದ್ದು. ಇಲ್ಲೇ ತೊಡಕು ಇರುವುದು. ಕಾಯಂ ಮಾಸ್ತರರು ನಿವೃತ್ತಿ ಆದರೆ ಆ ಜಾಗ ತುಂಬಲು ಸರ್ಕಾರದ ಅನುಮತಿ ಬೇಕು. ಅದು ಬರುವ ತನಕ ಆಡಳಿತ ಮಂಡಳಿ ತನ್ನ ಹಣದಲ್ಲಿ ಯಾರನ್ನಾದರೂ ತಗೊಳ್ಳುತ್ತದೆ. ಕಡಿಮೆ ಸಂಬಳ. ಬೇರೆ ಕಡೆ ಕೆಲಸ ಸಿಕ್ಕಿದ ಕೂಡಲೇ ಅವರು ಹೋಗುತ್ತಾರೆ. ಅವರ ಮೇಲೆ ತಪ್ಪು ಹೊರಿಸಲು ನನಗೆ ಮನಸ್ಸಿಲ್ಲ, ನಾನೂ ಹಾಗೇ ಬಿಟ್ಟು ಬಂದವಳು. ಆದರೆ ಹೋಗುವಾಗ ಅಂಕದ ವಹಿಯನ್ನು ಯಾರಿಗೆ ಕೊಟ್ಟೆ, ಲಾಗಿನ್ ಕೆಲಸ ಮುಗಿಸಿದೆನಾ ಅಂತ ನನ್ನನ್ನು ಯಾರೂ ಕೇಳಲಿಲ್ಲ. ನಾನೇ ವಹಿಯನ್ನು ವಿಭಾಗದ ಮೇಜಿನ ಡ್ರಾವರಿನಲ್ಲಿ ಇಟ್ಟು, ಅದರ ಫೋಟೊ ತೆಗೆದುಕೊಂಡು ಬಂದೆ.

ನಿಮ್ಮ ತಂಗಿಯ ವಿಷಯದಲ್ಲೂ ಇದೇ ಆಗಿರಬಹುದು ಅಂತ ನನ್ನ ಊಹೆ.

ಅವರ್ಸಾ ಅಣ್ಣ

ಅಕ್ಕೋರೇ, ಹೌದು. ಆ ಪೇಪರ್ ತಗೊಳ್ಳುತ್ತಿದ್ದ ಮೇಡಂ ಪರೀಕ್ಷೆಗೆ ಸ್ವಲ್ಪ ಮುಂಚೆ ಬೇರೆ ಕೆಲಸ ಸಿಕ್ಕಿ ಹೋದರಂತೆ. ಇದನ್ನು ಕಾಲೇಜಿನಲ್ಲಿ ಯಾರೂ ನಮಗೆ ಹೇಳಲೇ ಇಲ್ಲ.

ಶರಾವತಿ ಕಡವು

ನಾನು ಹೊನ್ನಾವರ ಕಡೆಯವನು. ಒಂದು ಶಿಕ್ಷಣ ಸಂಸ್ಥೆಯ ಆಡಳಿತ ಮಂಡಳಿಯಲ್ಲಿ ಆರು ವರ್ಷದಿಂದ ಇದ್ದೇನೆ. ಇಲ್ಲಿ ಆಡಳಿತ ಮಂಡಳಿಯ ಬಗ್ಗೆಯೂ ಹೇಳಬೇಕು.

ನಮ್ಮ ಉತ್ತರ ಕನ್ನಡ ಜಿಲ್ಲೆಯ ಕಾಲೇಜುಗಳು ಸರ್ಕಾರ ಕೊಟ್ಟು ಬಂದವು ಕಡಿಮೆ, ಜನ ಕೂಡಿ ಕಟ್ಟಿದವು ಜಾಸ್ತಿ. ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿದರು. ಗೋಪಾಲಕೃಷ್ಣ ಗೋಖಲೆಯವರು ಹುಟ್ಟಿ ನೂರು ವರ್ಷ ಆದಾಗ, 1966ರಲ್ಲಿ, ಅಂಕೋಲೆಯಲ್ಲಿ ಅವರ ಹೆಸರಿನ ಕಾಲೇಜು ಶುರುವಾಯಿತು. ಕುಮಟೆಯಲ್ಲಿ ಕೆನರಾ ಕಾಲೇಜ್ ಸೊಸೈಟಿ, ಹೊನ್ನಾವರದಲ್ಲಿ ಮಲೆನಾಡು ಪ್ರಗತಿಪರ ಶಿಕ್ಷಣ ಸಂಸ್ಥೆ, ಶಿರಸಿಯಲ್ಲಿ ಮಾಡರ್ನ್ ಎಜ್ಯುಕೇಶನ್ ಸೊಸೈಟಿ, ಭಟ್ಕಳದಲ್ಲಿ 1919ರಿಂದ ಇರುವ ಅಂಜುಮನ್. ಅಡಿಕೆ ಮಾರಿದವರು ಕೊಟ್ಟಿದ್ದಾರೆ, ಮುಂಬಯಿಗೆ ದುಡಿಯಲು ಹೋದವರು ಕಳಿಸಿದ್ದಾರೆ. ನಮ್ಮ ಅಜ್ಜ ಇಪ್ಪತ್ತೈದು ರೂಪಾಯಿ ವಂತಿಗೆ ಕೊಟ್ಟ ರಸೀದಿ ನಮ್ಮ ಮನೆಯ ದೇವರ ಕೋಣೆಯ ಪೆಟ್ಟಿಗೆಯಲ್ಲಿ ಈಗಲೂ ಇದೆ. ಶಾಯಿ ಮಾಸಿದೆ, ಆದರೆ "ಕಾಲೇಜು ಕಟ್ಟಡದ ಸಲುವಾಗಿ" ಅಂತ ಓದಬಹುದು.

ಹೀಗೆ ಕಟ್ಟಿದ ಸಂಸ್ಥೆಗೆ ಸದಸ್ಯರು ಇರುತ್ತಾರೆ, ವರ್ಷಕ್ಕೊಮ್ಮೆ ಸರ್ವಸಾಧಾರಣ ಸಭೆ ಆಗಬೇಕು, ಲೆಕ್ಕ ಮುಂದಿಡಬೇಕು. ಆಡಳಿತ ಮಂಡಳಿಯನ್ನು ಸದಸ್ಯರೇ ಆರಿಸಬೇಕು. ಅದರಲ್ಲಿ ಕಾರ್ಯಾಧ್ಯಕ್ಷರು, ಕಾರ್ಯದರ್ಶಿ. ಪ್ರಾಂಶುಪಾಲರು ದಿನದ ಕೆಲಸ ನೋಡಬೇಕು, ಮಂಡಳಿ ಕಟ್ಟಡ, ಹಣ, ನೇಮಕ ನೋಡಬೇಕು. ಪಾಠದಲ್ಲಿ, ಅಂಕದಲ್ಲಿ ಮಂಡಳಿಯವರು ಕೈ ಹಾಕಬಾರದು. ಈ ಗೆರೆಯನ್ನು ನಾನು ತುಂಬಾ ಗಟ್ಟಿಯಾಗಿ ನಂಬುತ್ತೇನೆ.

ಆದರೆ ಈ ಪ್ರಕರಣದಲ್ಲಿ ಮಂಡಳಿಯ ತಪ್ಪೂ ಇದೆ ಅಂತ ನನಗೆ ಅನಿಸುತ್ತದೆ. ಯಾರನ್ನೋ ನೇಮಿಸಿಕೊಂಡು, ಅವರು ಹೋದಾಗ ಕೆಲಸ ಯಾರಿಗೆ ಒಪ್ಪಿಸಿದರು ಅಂತ ನೋಡುವುದು ನೇಮಿಸಿದವರ ಹೊಣೆ ಅಲ್ವಾ? ಸಂಬಳದ ಚೆಕ್ ಬರೆಯುವಾಗ ಇದೊಂದು ಮಾತು ಕೇಳಿದ್ದರೆ ಸಾಕಿತ್ತು. ಅಕ್ಕೋರು ಬರೆದದ್ದು ಓದಿ ನಮ್ಮ ಸಂಸ್ಥೆಯಲ್ಲೂ ಅಂಥ ಪದ್ಧತಿ ಇಲ್ಲ ಅಂತ ಹೊಳೆಯಿತು. ಮುಂದಿನ ಸಭೆಯಲ್ಲಿ ಇಡುತ್ತೇನೆ.

ಇನ್ನೊಂದು. ಪ್ರತಿ ವರ್ಷ ಅಫಿಲಿಯೇಷನ್, ಅಂದರೆ ವಿಶ್ವವಿದ್ಯಾಲಯ ಕಾಲೇಜಿಗೆ ಕೊಡುವ ಮಾನ್ಯತೆ, ಅದರ ನವೀಕರಣಕ್ಕೆ ವಿಶ್ವವಿದ್ಯಾಲಯದಿಂದ ಸ್ಥಳೀಯ ವಿಚಾರಣಾ ಸಮಿತಿ ಬರುತ್ತದೆ. ಎಲ್ಲರೂ ಅದನ್ನು ಎಲ್‌ಐಸಿ ಅಂತಲೇ ಹೇಳುವುದು. ಗ್ರಂಥಾಲಯದಲ್ಲಿ ಎಷ್ಟು ಪುಸ್ತಕ, ಲ್ಯಾಬಿನಲ್ಲಿ ಎಷ್ಟು ಉಪಕರಣ, ಯಾವ ವಿಷಯಕ್ಕೆ ಎಷ್ಟು ಜನ ಅರ್ಹ ಉಪನ್ಯಾಸಕರು ಅಂತ ನೋಡುತ್ತಾರೆ. ಆ ದಿನ ನಾವು ಪುಸ್ತಕದ ದಾಖಲೆ ವಹಿ, ಹಾಜರಿ ವಹಿ, ನೇಮಕದ ಆದೇಶ ಎಲ್ಲ ಉದ್ದ ಮೇಜಿನ ಮೇಲೆ ಸಾಲಾಗಿ ಜೋಡಿಸುತ್ತೇವೆ. ಕಟ್ಟಡ, ಕಾಗದ ಚೆನ್ನಾಗಿ ನೋಡುತ್ತಾರೆ. ಎದುರಿಗೆ ನಾಲ್ಕು ವಿದ್ಯಾರ್ಥಿಗಳನ್ನು ಕೂರಿಸಿಕೊಂಡು "ನಿಮ್ಮ ಅಂಕ ಹೊತ್ತಿಗೆ ಸರಿಯಾಗಿ ಬರುತ್ತದಾ" ಅಂತಲೂ ಕೇಳಬೇಕು ಅನ್ನೋದು ನನ್ನ ಆಸೆ.

ಕೋಡಿಬಾಗ್ ಹುಡುಗಿ

ನಾನು ಕಾರವಾರದ ಕೋಡಿಬಾಗದಲ್ಲಿರುವ ಕರ್ನಾಟಕ ವಿಶ್ವವಿದ್ಯಾಲಯದ ಪಿಜಿ ಕೇಂದ್ರದಲ್ಲಿ ಕಡಲ ಜೀವಶಾಸ್ತ್ರ ಓದುತ್ತಿದ್ದೇನೆ. ಕಿಟಕಿಯಿಂದ ಕಾಳಿ ನದಿ ಸಮುದ್ರ ಸೇರುವ ಕಡೆ ಹತ್ತಿರ. ಈ ವಿಷಯಕ್ಕೆ ಧಾರವಾಡದಲ್ಲಿ ವಿಭಾಗ ಇಟ್ಟರೆ ಏನು ಉಪಯೋಗ? ಅದಕ್ಕೇ ಕಡಲ ಹತ್ತಿರ ಇಟ್ಟಿದ್ದಾರೆ. ವಿಶ್ವವಿದ್ಯಾಲಯ ಅಂದರೆ ಘಟ್ಟದ ಮೇಲಿನ ಒಂದು ಕಟ್ಟಡ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಮ್ಮ ಕೇಂದ್ರವೂ ವಿಶ್ವವಿದ್ಯಾಲಯವೇ.

ಒಳಗಿನ ವ್ಯವಸ್ಥೆ ಸ್ವಲ್ಪ ಹೇಳುತ್ತೇನೆ, ನನಗೆ ತಿಳಿದಷ್ಟು. ಎಲ್ಲಕ್ಕೂ ಆಧಾರ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆ, 2000. ರಾಜ್ಯಪಾಲರು ಕುಲಾಧಿಪತಿ, ಉನ್ನತ ಶಿಕ್ಷಣ ಸಚಿವರು ಸಹ ಕುಲಾಧಿಪತಿ. ದಿನದ ಆಡಳಿತ ಕುಲಪತಿಗಳದ್ದು, ಅವಧಿ ನಾಲ್ಕು ವರ್ಷ. ಅವರನ್ನು ಹುಡುಕಲು ಶೋಧನಾ ಸಮಿತಿ ಇರುತ್ತದೆ. ಅದರಲ್ಲಿ ಕುಲಾಧಿಪತಿ, ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ), ರಾಜ್ಯ ಸರ್ಕಾರ, ಸಿಂಡಿಕೇಟ್ (ವಿಶ್ವವಿದ್ಯಾಲಯದ ಆಡಳಿತ ಸಮಿತಿ), ಈ ನಾಲ್ಕು ಕಡೆಯಿಂದ ಒಬ್ಬೊಬ್ಬರು. ಕುಲಪತಿಗಳ ಕೆಳಗೆ ಇಬ್ಬರು ಕುಲಸಚಿವರು. ಒಬ್ಬರು ಆಡಳಿತಕ್ಕೆ, ಒಬ್ಬರು ಮೌಲ್ಯಮಾಪನಕ್ಕೆ. ಇದು ತುಂಬಾ ಜನರಿಗೆ ಗೊತ್ತಿಲ್ಲ. ಪರೀಕ್ಷೆ, ಅಂಕ, ಮರುಮೌಲ್ಯಮಾಪನ ಏನೇ ಇದ್ದರೂ ಪತ್ರದ ಮೇಲೆ "ಕುಲಸಚಿವರು (ಮೌಲ್ಯಮಾಪನ)" ಅಂತ ಬರೆಯಿರಿ. ಬರೀ "ಕುಲಸಚಿವರು" ಅಂತ ಬರೆದರೆ ಪತ್ರ ಬೇರೆ ಮೇಜಿಗೆ ಹೋಗಿ, ಅಲ್ಲಿಂದ ತಿರುಗಿ ಬರಬೇಕು.

ಹಣ, ನೇಮಕ, ಕಾಲೇಜುಗಳ ಅಫಿಲಿಯೇಷನ್ ಇವೆಲ್ಲ ಸಿಂಡಿಕೇಟ್ ಮುಂದೆ ಬರುತ್ತವೆ. ಓದಿಗೆ ಸಂಬಂಧಪಟ್ಟದ್ದು ವಿದ್ಯಾವಿಷಯಕ ಪರಿಷತ್ತಿನ ಮುಂದೆ. ಪಠ್ಯಕ್ರಮ ಹುಟ್ಟುವುದು ಅಧ್ಯಯನ ಮಂಡಳಿಯಲ್ಲಿ, ಒಂದೊಂದು ವಿಷಯಕ್ಕೆ ಒಂದೊಂದು. ನಮ್ಮ ವಿಷಯದಲ್ಲಿ ಕರಾವಳಿಯ ಮೀನುಗಾರಿಕೆಯ ಬಗ್ಗೆ ಏನು ಕಲಿಸಬೇಕು ಅಂತ ನಿಶ್ಚಯ ಆಗುವುದು ಅಲ್ಲಿ, ಒಂದು ಮೇಜಿನ ಸುತ್ತ ಕೂತ ಕೆಲವೇ ಮಾಸ್ತರರಿಂದ. ನನಗೆ ವಿಶ್ವವಿದ್ಯಾಲಯದಲ್ಲಿ ಎಲ್ಲಕ್ಕಿಂತ ಮುಖ್ಯ ಅನಿಸುವ ಜಾಗ ಅದು. ಕುಲಪತಿ ಯಾರಾಗುತ್ತಾರೆ ಅಂತ ಪತ್ರಿಕೆಯಲ್ಲಿ ವಾರಗಟ್ಟಲೆ ಬರುತ್ತದೆ. ಅಧ್ಯಯನ ಮಂಡಳಿಗೆ ಯಾರು ಬಂದರು ಅಂತ ಒಂದು ಸಾಲೂ ಬರಲ್ಲ. ಮೂರು ವರ್ಷ ನಾವು ಏನು ಓದುತ್ತೇವೆ ಅಂತ ಗೊತ್ತು ಮಾಡುವವರು ಅವರು.

ಶಿರಸಿ ಅಕ್ಕೋರು

ತಂಗೀ, ಈ ಮಾತು ನೂರಕ್ಕೆ ನೂರು ನಿಜ. 2021ರಲ್ಲಿ ಹೊಸ ಶಿಕ್ಷಣ ನೀತಿ ಅಂತ ಪಠ್ಯ ಬದಲಾಯಿತು. 2024ರಲ್ಲಿ ಮತ್ತೆ ಮೂರು ವರ್ಷದ ಡಿಗ್ರಿಗೆ ಬಂದೆವು, ಪಠ್ಯ ಮತ್ತೆ ಬದಲು. ಒಂದೇ ಬೆಳಿಗ್ಗೆ ಒಂದು ತರಗತಿಗೆ ಹಳೇ ಪಠ್ಯ, ಪಕ್ಕದ ತರಗತಿಗೆ ಹೊಸ ಪಠ್ಯ ಹೇಳಿದ್ದೇನೆ. ಅಂಕ ಹಂಚಿಕೆಯೂ ಬೇರೆ ಬೇರೆ. ಅಧ್ಯಯನ ಮಂಡಳಿಯವರಿಗೆ ಯೋಚಿಸಲು ಸಮಯ ಕೊಡಬೇಕು. ಕಾಲೇಜಿನ ಮಾಸ್ತರರನ್ನೂ, ನಮ್ಮಂಥ ಅತಿಥಿಗಳನ್ನೂ ಒಮ್ಮೆ ಕೇಳಬೇಕು. ತರಗತಿಯಲ್ಲಿ ನಿಲ್ಲುವವರು ನಾವು.

ಭಟ್ಕಳ ಗಡಿ

ಮೂಲ ಪ್ರಶ್ನೆಗೆ ಬರೋಣ. ಇಷ್ಟಕ್ಕೆಲ್ಲ ಕಾರಣ ದೂರ. ನಮ್ಮೂರಿನ ಹುಡುಗರು ಒಂದು ಸರ್ಟಿಫಿಕೇಟಿಗೆ ಘಟ್ಟ ಹತ್ತಿ ಧಾರವಾಡಕ್ಕೆ ಹೋಗಬೇಕು. ಇಲ್ಲಿಂದ ಸ್ವಲ್ಪ ದಕ್ಷಿಣಕ್ಕೆ ಹೋದರೆ ಬೈಂದೂರು, ಅಲ್ಲಿನ ಕಾಲೇಜು ಮಂಗಳೂರು ವಿಶ್ವವಿದ್ಯಾಲಯಕ್ಕೆ. ಪೂರ್ವಕ್ಕೆ ಸಾಗರ, ಅಲ್ಲಿನವರು ಕುವೆಂಪು ವಿಶ್ವವಿದ್ಯಾಲಯಕ್ಕೆ. ನಾವು ಮಾತ್ರ ಧಾರವಾಡಕ್ಕೆ, ಯಾಕೆಂದರೆ 1956ರ ತನಕ ನಮ್ಮ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿತ್ತು. ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಮುಂಬಯಿಯಲ್ಲಿ ಶುರುವಾಗಿ 1950ರಲ್ಲಿ ಧಾರವಾಡಕ್ಕೆ ಬಂತು. ಆಗ ಅದು ದೊಡ್ಡ ವರವೇ, ಒಪ್ಪುತ್ತೇನೆ. ಆಮೇಲೆ 1980ರಲ್ಲಿ ಗುಲಬರ್ಗಾ ಬೇರೆಯಾಯಿತು, 2010ರಲ್ಲಿ ಬೆಳಗಾವಿಯ ರಾಣಿ ಚೆನ್ನಮ್ಮ, ಈಚೆಗೆ ಹಾವೇರಿ. ಎಲ್ಲರಿಗೂ ಸಿಕ್ಕಿತು. ಉತ್ತರ ಕನ್ನಡಕ್ಕೂ ಒಂದು ಬೇಕೇ ಬೇಕು.

ಶರಾವತಿ ಕಡವು

ನಿಮ್ಮ ನೋವು ನನಗೂ ಇದೆ. ಆದರೆ ಹಾವೇರಿಯನ್ನೇ ನೋಡಿ. ಹೊಸ ವಿಶ್ವವಿದ್ಯಾಲಯಗಳಿಗೆ ಹಣ ಇಲ್ಲ, ಕಾಯಂ ಸಿಬ್ಬಂದಿ ಇಲ್ಲ ಅಂತ 2025ರಲ್ಲಿ ಸಂಪುಟ ಉಪಸಮಿತಿ ಒಂಬತ್ತನ್ನು ಮುಚ್ಚಲು ಶಿಫಾರಸು ಮಾಡಿತು. ಹಾವೇರಿಯೂ ಆ ಪಟ್ಟಿಯಲ್ಲಿತ್ತು. ಅಲ್ಲಿ ಓದುತ್ತಿದ್ದ ಮಕ್ಕಳಿಗೆ ಹೇಗಾಗಿರಬೇಡ? ಕಾಲೇಜು ಕಡಿಮೆ ಇದ್ದರೆ ಅಫಿಲಿಯೇಷನ್ ಶುಲ್ಕ, ಪರೀಕ್ಷಾ ಶುಲ್ಕ ಎರಡೂ ಕಡಿಮೆ. ಅದೇ ಹಣದಲ್ಲಿ ಪರೀಕ್ಷಾ ವಿಭಾಗ, ಗ್ರಂಥಾಲಯ, ಹಾಸ್ಟೆಲ್ ಎಲ್ಲ ನಡೆಸಬೇಕು. ಹೆಸರಿನ ಬೋರ್ಡು ಸಿಕ್ಕಿ, ಒಳಗೆ ಪ್ರಾಧ್ಯಾಪಕರೇ ಇಲ್ಲದಿದ್ದರೆ ನಮ್ಮ ಮಕ್ಕಳ ಡಿಗ್ರಿಗೆ ಬೆಲೆ ಎಲ್ಲಿಂದ ಬರಬೇಕು?

ಭಟ್ಕಳ ಗಡಿ

ಹಣ ಇಲ್ಲ ಅಂದರೆ ಕೊಡಿ ಅಂತ ಕೇಳಬೇಕು. ಬೇಡ ಅಂತ ನಾವೇ ಹೇಳುವುದಲ್ಲ.

ಕೋಡಿಬಾಗ್ ಹುಡುಗಿ

ಇಬ್ಬರೂ ಹಿರಿಯರು, ನಾನು ನಡುವೆ ಒಂದು ಮಾತು ಹೇಳಲಾ? ಪಿಜಿ ಕೇಂದ್ರ ಕಾರವಾರದಲ್ಲಿ ಇದ್ದೇ ಇದೆ. ಅಲ್ಲೇ ಮೌಲ್ಯಮಾಪನ ವಿಭಾಗದ ನಾಲ್ಕು ಮಂದಿ ಕೂತು, ಜಿಲ್ಲೆಯ ಮಕ್ಕಳ ಅರ್ಜಿ ತಗೊಂಡು, ಪ್ರಮಾಣಪತ್ರ ಅಲ್ಲೇ ಕೊಡುವ ಹಾಗೆ ಆದರೆ ಮುಕ್ಕಾಲು ಪಾಲು ಓಡಾಟ ತಪ್ಪುತ್ತದೆ. ಹೊಸ ಕಾಯ್ದೆ ಬೇಡ, ಹೊಸ ಕುಲಪತಿ ಬೇಡ. 2024ರ ಜುಲೈಯಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿತಲ್ಲ, ಆಗ ನಾವು ಕಾರವಾರದಲ್ಲಿದ್ದವರು ಅಂಕೋಲೆಯಾಚೆ ಹೋಗಲೂ ಕಷ್ಟ ಪಟ್ಟೆವು. ಅಂಥ ದಿನದಲ್ಲಿ ಧಾರವಾಡಕ್ಕೆ ಬನ್ನಿ ಅಂದರೆ ಹೇಗೆ ಹೋಗುವುದು?

ಭಟ್ಕಳ ಗಡಿ

ಅಷ್ಟಾದರೂ ಆಗಲಿ ತಂಗಿ. ಆದರೆ ಭಟ್ಕಳದವರಿಗೆ ಕಾರವಾರವೂ ಹತ್ತಿರವಲ್ಲ.

ಸಿದ್ದಾಪುರದ ಅಪ್ಪ

ಎಲ್ಲರೂ ಧಾರವಾಡ ಧಾರವಾಡ ಅಂತಿದ್ದೀರಿ. ನಮ್ಮ ಮನೆ ಕತೆ ಕೇಳಿ. ಮಗಳು ಶಿರಸಿಯ ಅರಣ್ಯ ಮಹಾವಿದ್ಯಾಲಯದಲ್ಲಿ. ಅದು ಧಾರವಾಡದ್ದೇ, ಆದರೆ ಕೃಷಿ ವಿಶ್ವವಿದ್ಯಾಲಯದ್ದು. ಅಫಿಲಿಯೇಟ್ ಆದದ್ದಲ್ಲ, ಅವರದೇ ಘಟಕ ಕಾಲೇಜು. ಅಲ್ಲಿ ಪ್ರಾಂಶುಪಾಲರು ಅನ್ನೋರಿಲ್ಲ, ಡೀನ್. ಪಾಠ, ಪರೀಕ್ಷೆ, ಸಂಬಳ ಎಲ್ಲ ಒಂದೇ ಮನೆಯೊಳಗೆ. ಮಗ ಮಾಜಾಳಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲಿ. ನೌಕರರು ತಾಂತ್ರಿಕ ಶಿಕ್ಷಣದ ಕಡೆಯವರು, ಪರೀಕ್ಷೆ ಬೆಳಗಾವಿಯ ವಿಟಿಯು, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ್ದು. ಅಣ್ಣನ ಮಗಳು ಕಾರವಾರದ ಮೆಡಿಕಲ್ ಕಾಲೇಜು, ಡಿಗ್ರಿ ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ್ದು. ದೀಪಾವಳಿಗೆ ಮೂವರೂ ಒಟ್ಟಿಗೆ ಊಟಕ್ಕೆ ಕೂತರೆ ಮೂರು ವಿಶ್ವವಿದ್ಯಾಲಯ ಒಂದೇ ಪಂಕ್ತಿಯಲ್ಲಿ. ಒಬ್ಬರಿಗೆ ರಜೆ, ಇನ್ನೊಬ್ಬರಿಗೆ ಪರೀಕ್ಷೆ.

ಈ ಮೂರರಲ್ಲಿ ಮಗಳದ್ದು ನನಗೆ ಸುಲಭ ಅನಿಸಿತು. ಒಮ್ಮೆ ಅವಳ ಅಂಕಪಟ್ಟಿಯಲ್ಲಿ ಹೆಸರಿನ ಒಂದು ಅಕ್ಷರ ತಪ್ಪಿತ್ತು. ಒಂದೇ ಕಚೇರಿ, ಒಂದೇ ಅರ್ಜಿ, ಮುಗೀತು. ಅದಕ್ಕೆ ಯಾವ ಕಾಲೇಜು ಒಳ್ಳೆಯದು ಅಂತ ಕೇಳುವ ತಂದೆ ತಾಯಿಗೆ ನಾನು ಹೇಳುವುದಿಷ್ಟು: ಯಾವ ವಿಶ್ವವಿದ್ಯಾಲಯಕ್ಕೆ ಸೇರಿದ್ದು, ಘಟಕವೋ ಅಫಿಲಿಯೇಟೋ, ಸಂಬಳ ಯಾರು ಕೊಡುತ್ತಾರೆ ಅಂತ ಪ್ರವೇಶದ ದಿನವೇ ಕೇಳಿ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ಯಲ್ಲಾಪುರ ವಕೀಲ

ಅವರ್ಸಾದವರೇ, ನಿಮಗೆ ಉಳಿದಿರುವುದು ಹತ್ತು ದಿನ. ಕಾನೂನಿನ ಕಡೆಯಿಂದ ನಾಲ್ಕು ಮಾತು.

ಬಾಯಿಮಾತು ಬಿಡಿ. ಹತ್ತೊಂಬತ್ತು ಮಂದಿಯೂ ಸಹಿ ಮಾಡಿ ಪ್ರಾಂಶುಪಾಲರಿಗೆ ಒಂದೇ ಅರ್ಜಿ ಕೊಡಿ. ಆವಕ ವಹಿಯಲ್ಲಿ (ಕಚೇರಿಗೆ ಬಂದ ಪತ್ರಗಳನ್ನು ಬರೆದಿಡುವ ಪುಸ್ತಕ) ನಮೂದು ಮಾಡಿಸಿ, ನಿಮ್ಮ ಪ್ರತಿಯ ಮೇಲೆ ಮುದ್ರೆ, ತಾರೀಕು, ಸಂಖ್ಯೆ ಹಾಕಿಸಿಕೊಳ್ಳಿ. "ನಮ್ಮ ಕೈಯಲ್ಲಿ ಇಲ್ಲ" ಅಂತ ಬಾಯಲ್ಲಿ ಹೇಳುವುದು ಸುಲಭ. ಆವಕ ಸಂಖ್ಯೆ ಬಿದ್ದ ಅರ್ಜಿಯ ಮೇಲೆ ಹಾಗೆ ಬರೆಯುವುದು ಕಷ್ಟ. ಒಂದು ಪ್ರತಿ ಆಡಳಿತ ಮಂಡಳಿಯ ಕಾರ್ಯದರ್ಶಿಗೆ, ಒಂದು ಕುಲಸಚಿವರು ಮೌಲ್ಯಮಾಪನ ಅವರಿಗೆ.

ಯುಜಿಸಿಯ 2023ರ ನಿಯಮದ ಪ್ರಕಾರ ಪ್ರತಿ ಸಂಸ್ಥೆಯಲ್ಲೂ ವಿದ್ಯಾರ್ಥಿಗಳ ಕುಂದುಕೊರತೆ ನಿವಾರಣಾ ಸಮಿತಿ ಇರಬೇಕು. ದೂರು ಕೊಟ್ಟ 15 ಕೆಲಸದ ದಿನದೊಳಗೆ ಅದು ವರದಿ ಕೊಡಬೇಕು. ಅಲ್ಲೂ ಆಗದಿದ್ದರೆ ವಿಶ್ವವಿದ್ಯಾಲಯದ ಓಂಬುಡ್ಸ್‌ಪರ್ಸನ್, ಅಂದರೆ ವಿದ್ಯಾರ್ಥಿಗಳ ಮೇಲ್ಮನವಿ ಕೇಳುವ ಅಧಿಕಾರಿ, ಅವರ ಹತ್ತಿರ ಹೋಗಬಹುದು. ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕೊಟ್ಟು ಕೇಳಬಹುದು, ಆದರೆ ಅದಕ್ಕೆ 30 ದಿನ. ನಿಮ್ಮ ಅವಸರಕ್ಕೆ ಅದು ಆಗದು. ಮುಂದೆ ಯಾರಿಗಾದರೂ ಉತ್ತರ ಪತ್ರಿಕೆಯಲ್ಲೇ ಅನುಮಾನ ಬಂದರೆ ಬೇಕಾಗುತ್ತದೆ. ತಿದ್ದಿದ ಉತ್ತರ ಪತ್ರಿಕೆ ನೋಡುವ ಹಕ್ಕು ವಿದ್ಯಾರ್ಥಿಗೆ ಇದೆ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

ಕುಮಟಾ ನಿವೃತ್ತ ಗುಮಾಸ್ತ

ವಕೀಲರು ಸರಿಯಾಗಿ ಹೇಳಿದರು. ತಮ್ಮಾ, ಇನ್ನೊಂದು. ಆಫೀಸಿನಲ್ಲಿ ಜಗಳಕ್ಕೆ ನಿಲ್ಲಬೇಡ. ಅಲ್ಲಿ ಕೂತವರಿಗೂ ಎಲ್ಲ ಗೊತ್ತಿರುತ್ತದೆ ಅಂತಿಲ್ಲ. ಈಗ ಅನುದಾನಿತ ಕಾಲೇಜಿನ ಆಫೀಸಿನಲ್ಲಿ ನಾಲ್ಕು ಜನರ ಕೆಲಸ ಒಬ್ಬರು ಮಾಡುತ್ತಾರೆ. ಹುಡುಗರು ತಮ್ಮ ಟೆಸ್ಟಿನ ಉತ್ತರ ಪತ್ರಿಕೆ ಇಟ್ಟುಕೊಂಡಿದ್ದರೆ ತರಲಿ. ಬಿಟ್ಟು ಹೋದ ಮೇಡಂ ಅವರಿಗೆ ಮರ್ಯಾದೆಯಿಂದ ಒಂದು ಫೋನ್ ಮಾಡಲಿ.

ಅವರ್ಸಾ ಅಣ್ಣ

ನಾಲ್ಕು ದಿನ ಬರೆಯಲು ಆಗಲಿಲ್ಲ, ಕ್ಷಮಿಸಿ. ನಡೆದದ್ದು ಹೇಳುತ್ತೇನೆ.

ಮೇಡಂಗೆ ತಂಗಿಯೇ ಫೋನ್ ಮಾಡಿದಳು. ಅವರು ಪಾಪ ಗಾಬರಿ ಆದರು. ಅಂಕ ತುಂಬಿದ್ದು ನೆನಪಿದೆ, ಮುಂದೆ ಯಾರಾದರೂ ಒಪ್ಪಿರುತ್ತಾರೆ ಅಂದುಕೊಂಡಿದ್ದೆ ಅಂದರು. ಶಿರಸಿ ಅಕ್ಕೋರ ಹಾಗೇ ಅವರ ಹತ್ತಿರವೂ ಅಂಕದ ವಹಿಯ ಫೋಟೊ ಇತ್ತು. ಐದು ನಿಮಿಷದಲ್ಲಿ ಕಳಿಸಿದರು. ಹತ್ತೊಂಬತ್ತು ಹೆಸರು, ಎದುರಿಗೆ ಎರಡು ಟೆಸ್ಟ್, ಅಸೈನ್‌ಮೆಂಟ್, ಒಟ್ಟು. ಕೆಳಗೆ ಸಹಿ.

ಮರುದಿನ ಹದಿನಾಲ್ಕು ಮಂದಿ ಮಕ್ಕಳು ಬಂದರು. ಅರ್ಜಿ ಕೊಟ್ಟೆವು, ಆವಕ ಸಂಖ್ಯೆ ಹಾಕಿಸಿಕೊಂಡೆವು. ಪ್ರಾಂಶುಪಾಲರು ಫೋಟೊ ನೋಡಿ ವಿಭಾಗದ ಸರ್ ಅವರನ್ನು ಕರೆಸಿ, ಕಂಪ್ಯೂಟರ್ ಎದುರು ಕೂರಿಸಿದರು. ಅಂಕ ಅಲ್ಲೇ ಇತ್ತು! ಮೇಡಂ ತುಂಬಿಟ್ಟ ಹಾಗೇ, ಯಾರೂ ಒಪ್ಪದೆ ಉಳಿದಿತ್ತು. ಕೊನೆಯ ದಿನ ಮುಗಿದಿದ್ದರಿಂದ ಅಲ್ಲಿಂದಲೇ ಕಳಿಸಲು ಆಗಲಿಲ್ಲ. ಪ್ರಾಂಶುಪಾಲರು ಮೌಲ್ಯಮಾಪನ ಕುಲಸಚಿವರಿಗೆ ಪತ್ರ ಬರೆದು, ವಹಿಯ ಪ್ರತಿ ಸೇರಿಸಿ, ಕಾಲೇಜಿನ ಸಿಬ್ಬಂದಿಯ ಕೈಯಲ್ಲೇ ಕಳಿಸಿದರು. ನಮ್ಮನ್ನು ಕಳಿಸಲಿಲ್ಲ. "ಮೊದಲೇ ನೋಡಬೇಕಿತ್ತು, ನಮ್ಮಿಂದ ತಪ್ಪಾಯಿತು" ಅಂತ ಮಕ್ಕಳೆದುರು ಹೇಳಿದರು. ಆ ಮಾತಿಗೆ ನಾನು ಕೈ ಮುಗಿದೆ.

ಇವತ್ತು ಮಧ್ಯಾಹ್ನ ರಿಸಲ್ಟ್ ತೆರೆಯಿತು. ಎಲ್ಲರದ್ದೂ. ತಂಗಿ ಎಂಎಸ್‌ಸಿ ಅರ್ಜಿ ಹಾಕಿ ಆಯಿತು. ಕೋಡಿಬಾಗ್ ತಂಗೀ, ನಿಮ್ಮ ವಿಭಾಗಕ್ಕೇ ಹಾಕಿದ್ದಾಳೆ. ಸಿಕ್ಕರೆ ಮನೆಯಿಂದಲೇ ಹೋಗಿ ಬರಬಹುದು.

ಗಂಗಾವಳಿ ದಂಡೆ

ಓದಿ ಕಣ್ಣು ತುಂಬಿ ಬಂತು. ಫೋನ್ ಸಿಗದ ಆ ಇಬ್ಬರು ಮಕ್ಕಳಿಗೆ ಯಾರಾದರೂ ತಿಳಿಸಿದಿರಾ?

ಅವರ್ಸಾ ಅಣ್ಣ

ಒಬ್ಬ ಹುಡುಗ ಗೋವೆಯಲ್ಲಿ ಕೆಲಸಕ್ಕೆ ಸೇರಿದ್ದ, ಅವನಿಗೆ ರಾತ್ರಿ ಸಿಕ್ಕಿತು. ಇನ್ನೊಬ್ಬಳ ಮನೆ ಹಿಲ್ಲೂರು ಕಡೆ, ನೆಟ್‌ವರ್ಕ್ ಇಲ್ಲ. ನಾಳೆ ಬೆಳಿಗ್ಗೆ ತಂಗಿ ಮತ್ತು ಅವಳ ಗೆಳತಿ ಬಸ್ಸಿಗೆ ಹೋಗುತ್ತಾರೆ. ಮಾರ್ಕ್ಸ್ ಕಾರ್ಡಿನ ಪ್ರಿಂಟ್ ತೆಗೆದಿಟ್ಟಿದ್ದಾರೆ.